ಅಳಿಸಿದ ಅರ್ಧ ಗ್ರಾಫು

ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆದ ಗೆರೆ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಕಪ್ಪು ಹೋಗುತ್ತದೆ, ಆದರೆ ಮೊನೆ ಒತ್ತಿದ ಕಡೆ ಹಾಳೆ ಕೂದಲೆಳೆಯಷ್ಟು ತಗ್ಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅಂಥದ್ದೊಂದು ಗೆರೆ ನನ್ನ ಕಣ್ಣಿಗೆ ಬಿದ್ದದ್ದು ಆ ಪುಟಕ್ಕೆ ಸಹಿ ಹಾಕಿದ ಮೇಲೆ.

ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬಿ.ಎಸ್ಸಿ. ಗಣಿತಕ್ಕೂ ಪ್ರಾಕ್ಟಿಕಲ್ ಬಂದ ಮೇಲೆ ವಾರದಲ್ಲಿ ಎರಡು ಮಧ್ಯಾಹ್ನ ಕಂಪ್ಯೂಟರ್ ಲ್ಯಾಬಿನಲ್ಲೇ ಕಳೆಯುತ್ತವೆ. ಸೈಲ್ಯಾಬ್, ಮ್ಯಾಕ್ಸಿಮಾ, ಆಕ್ಟೇವ್, ಈಗೀಗ ಪೈಥಾನ್. ದುಡ್ಡು ಕೊಡದೆ ಸಿಗುವ ತಂತ್ರಾಂಶಗಳೇ ಎಲ್ಲ. ನನ್ನ ಬ್ಯಾಚುಗಳಲ್ಲಿ ಬಹಳ ಮಕ್ಕಳು ಹರಿಹರ, ಚನ್ನಗಿರಿ, ಜಗಳೂರು, ಹರಪನಹಳ್ಳಿ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವವರು. ಮನೆಯಲ್ಲಿ ಕಂಪ್ಯೂಟರ್ ಇರುವವರು ಕಡಿಮೆ. ಹಾಗಾಗಿ ಲ್ಯಾಬಿನ ಪರದೆ ಏನು ತೋರಿಸಿದರೂ ಅದನ್ನು ಮನೆಯ ಹಿರಿಯರ ಮಾತಿನ ಹಾಗೆ ತಲೆಬಾಗಿ ಒಪ್ಪಿಕೊಂಡುಬಿಡುತ್ತಾರೆ.

ಆ ದಿನದ ಅಭ್ಯಾಸ ಎಕ್ಸ್‌ನ ಘನಮೂಲದ ಗ್ರಾಫ್, ಮೈನಸ್ 8ರಿಂದ 8ರವರೆಗೆ. ರೆಕಾರ್ಡ್ ಪುಸ್ತಕದ ಎಡಪುಟದಲ್ಲಿ ಕೋಷ್ಟಕ ಹಾಕಿ ಕೈಯಲ್ಲಿ ಬರೆಯಬೇಕು, ಬಲಪುಟದಲ್ಲಿ ಪೈಥಾನ್ ಕೊಟ್ಟ ಚಿತ್ರದ ಪ್ರಿಂಟ್ ಅಂಟಿಸಬೇಕು. ಜಗಳೂರು ಕಡೆಯ ಒಬ್ಬ ಹುಡುಗಿ ತಂದ ಪುಸ್ತಕದಲ್ಲಿ ಎರಡೂ ಪುಟಗಳು ಒಂದೇ ತರಹ ಇದ್ದವು: ಸೊನ್ನೆಯಿಂದ ಬಲಕ್ಕೆ ಮೇಲೇರುವ ಗೆರೆ, ಎಡಕ್ಕೆ ಖಾಲಿ. ಬಸ್ಸಿನ ಹೊತ್ತಾಗಿತ್ತು, ಮೇಜಿನ ಮೇಲೆ ಇನ್ನೂ ಹತ್ತಿಪ್ಪತ್ತು ಪುಸ್ತಕ ಇದ್ದವು, ನಾನು ಸಹಿ ಹಾಕಿದೆ. ಮುಚ್ಚುವಾಗ ಕಿಟಕಿಯ ಬೆಳಕು ಹಾಳೆಯ ಮೇಲೆ ಅಡ್ಡ ಬಿತ್ತು. ಸೊನ್ನೆಯ ಎಡಕ್ಕೆ, ಕೆಳಕ್ಕೆ ಬಾಗಿದ ಒಂದು ಗೆರೆಯ ಗುರುತು. ಕೋಷ್ಟಕದಲ್ಲೂ ಮೈನಸ್ 8ರ ಎದುರು ಮೈನಸ್ 2 ಎಂದು ಬರೆದು ಹೊಡೆದು ಹಾಕಿದ್ದಳು.

“ಈ ಕಡೆ ಬರೆದಿದ್ದೆಯಲ್ಲಮ್ಮ, ಯಾಕೆ ಅಳಿಸಿದೆ?”

“ಕಂಪ್ಯೂಟರ್‌ನಾಗೆ ಆ ಕಡೆ ಬರಲೇ ಇಲ್ಲ ಮೇಡಂ. ನಂದೇ ತಪ್ಪಿರ್ಬೇಕು ಅಂತ ಅಳಿಸ್ದೆ.”

ಮೈನಸ್ 2ನ್ನು ಮೂರು ಸಲ ಗುಣಿಸಿದರೆ ಮೈನಸ್ 8 ಬರುತ್ತದೆ. ಅದು ಅವಳಿಗೆ ಹೈಸ್ಕೂಲಿನಿಂದ ಗೊತ್ತು. ತಾನೇ ಲೆಕ್ಕ ಹಾಕಿ, ತಾನೇ ಸರಿಯಾಗಿ ಬರೆದು, ಪರದೆ ಬೇರೆ ಹೇಳಿತೆಂದು ತನ್ನ ಲೆಕ್ಕವನ್ನು ಅಳಿಸಿದ್ದಳು. ಅದರ ಮೇಲೆ ನಾನು ಸಹಿ ಹಾಕಿದ್ದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಅರ್ಧ ಗ್ರಾಫ್ ಎಲ್ಲಿ ಹೋಯಿತು ಎಂಬುದನ್ನು ಮೊದಲು ಹೇಳುತ್ತೇನೆ. ನಾವು “ಎಕ್ಸ್‌ನ ಘಾತ ಒನ್ ಬೈ ತ್ರೀ” ಎಂದು ಬರೆಯುತ್ತೇವೆ. ಕಂಪ್ಯೂಟರಿಗೆ ಆ ಮೂರನೇ ಒಂದು ಭಾಗ ಭಿನ್ನರಾಶಿಯಾಗಿ ತಲುಪುವುದಿಲ್ಲ, 0.3333333333333333 ಎಂಬ ದಶಮಾಂಶವಾಗಿ ತಲುಪುತ್ತದೆ. ಛೇದ ಬೆಸವೋ ಸಮವೋ ಎಂಬ ಸುಳಿವೇ ಅಲ್ಲಿ ಉಳಿದಿರುವುದಿಲ್ಲ. ಇಂಥ ಘಾತವನ್ನು ಲೆಕ್ಕ ಹಾಕುವ ಗಣಿತದ ದಾರಿ ಲಾಗರಿದಮ್‌ನದು, ಋಣ ಸಂಖ್ಯೆಗೆ ವಾಸ್ತವ ಲಾಗರಿದಮ್ ಇಲ್ಲ. ಪೈಥಾನಿಗೆ ಸಂಖ್ಯೆಗಳ ಲೆಕ್ಕ ಮಾಡಿಕೊಡುವ ನಮ್‌ಪೈ ಎಂಬ ಸೇರ್ಪಡೆ ಆ ಜಾಗದಲ್ಲೆಲ್ಲ “ಇದು ಸಂಖ್ಯೆಯಲ್ಲ” ಎಂಬ ಗುರುತು, ಅಂದರೆ ನ್ಯಾನ್, ಇಟ್ಟು ಮುಂದೆ ಹೋಗುತ್ತದೆ. ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ನ್ಯಾನ್ ಕಂಡ ಕಡೆ ಏನನ್ನೂ ಬರೆಯದೆ ಬಿಡುತ್ತದೆ. ಒಂದು ಎಚ್ಚರಿಕೆಯ ಸಾಲು ಬಂದಿರುತ್ತದೆ, ನಿಜ. ಚಿತ್ರ ಬಂತಲ್ಲ ಎಂಬ ಸಂತೋಷದಲ್ಲಿ ಅದನ್ನು ಓದುವವರು ಯಾರು?

ಅದೇ ಮೈನಸ್ 8ರ ಘನಮೂಲವನ್ನು ನಮ್‌ಪೈ ಇಲ್ಲದ ಬರೀ ಪೈಥಾನಿನಲ್ಲಿ ಅಥವಾ ಆಕ್ಟೇವ್‌ನಲ್ಲಿ ಕೇಳಿ ನೋಡಿ. ಮೈನಸ್ 2 ಬರುವುದಿಲ್ಲ. 1 ಕೂಡಿಸು 1.732 ಐ ಎಂಬ ಸಂಕೀರ್ಣ ಸಂಖ್ಯೆ ಬರುತ್ತದೆ. ಅದೂ ತಪ್ಪಲ್ಲ. ಮೈನಸ್ 8ಕ್ಕೆ ಮೂರು ಘನಮೂಲಗಳಿವೆ, ಅವುಗಳಲ್ಲಿ ಪ್ರಧಾನವೆಂದು ಒಪ್ಪಿಕೊಂಡಿರುವುದು ಇದು. ನಮಗೆ ಬೇಕಾದ ವಾಸ್ತವ ಮೂಲ ಬೇಕೆಂದರೆ ಅದನ್ನೇ ಹೆಸರು ಹಿಡಿದು ಕೇಳಬೇಕು: ನಮ್‌ಪೈಯಲ್ಲಿ ಸಿಬಿಆರ್‌ಟಿ, ಆಕ್ಟೇವ್‌ನಲ್ಲಿ ಎನ್‌ಟಿಹೆಚ್‌ರೂಟ್. ಹಾಗೆ ಕೇಳಿದರೆ ಎಡಭಾಗ ತಾನಾಗಿ ಬರುತ್ತದೆ.

ಮಾರನೇ ದಿನ ಅವಳನ್ನು ಕರೆದು, “ನೀನು ಬರೆದಿದ್ದೇ ಸರಿ ಇತ್ತು. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು” ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತದಾ ಮೇಡಂ?” ಎಂದು ಕೇಳಿದಳು. ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಅವತ್ತೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಲ್ಯಾಬಿನ ಮೇಜಿನಲ್ಲಿಟ್ಟೆ. ಯಾರಿಗೆ ವಿಚಿತ್ರ ಚಿತ್ರ ಬಂದರೂ ಅದರಲ್ಲಿ ಬರೆಯಬೇಕು: ಏನು ಟೈಪ್ ಮಾಡಿದಿರಿ, ಏನು ಬರುತ್ತದೆ ಅಂದುಕೊಂಡಿದ್ದಿರಿ, ಏನು ಬಂತು. ಅದು ಈಗ ತುಂಬಿದೆ. ಅದರಲ್ಲಿ ಪದೇ ಪದೇ ಬಂದ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಊರಿನ ಲ್ಯಾಬುಗಳಲ್ಲಿ ಕೂತ ಮಕ್ಕಳಿಗೂ ಇವೇ ಎದುರಾಗುತ್ತವೆ ಎಂಬ ನಂಬಿಕೆಯಿಂದ.

ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪುಟ ತಿಂದಿರುವುದು ಟ್ಯಾನ್ ಎಕ್ಸ್. ಸೊನ್ನೆಯಿಂದ 2 ಪೈವರೆಗೆ ಟ್ಯಾನ್ ಬರೆಸಿದರೆ, ಪೈ ಬೈ 2ರ ಹತ್ತಿರ ಮೇಲೆ ಹೋದ ಗೆರೆ ಅಲ್ಲಿಂದ ನೇರ ಕೆಳಕ್ಕೆ ಧುಮುಕಿ ಆಚೆಯ ತುಂಡಿಗೆ ಸೇರಿಕೊಳ್ಳುತ್ತದೆ. ಅಲ್ಲಿ ಗೆರೆ ಇರಲೇಬಾರದು. ಒಬ್ಬ ಹುಡುಗ ಅದನ್ನು ಅಸಿಂಪ್ಟೋಟ್, ಅಂದರೆ ಗ್ರಾಫ್ ಹತ್ತಿರ ಹತ್ತಿರ ಹೋದರೂ ಮುಟ್ಟದ ಗೆರೆ, ಎಂದುಕೊಂಡು, “ಎಷ್ಟು ಚೆನ್ನಾಗಿ ಅದೂ ಬರೆದುಕೊಟ್ಟಿದೆ” ಎಂದು ರೆಕಾರ್ಡಿನಲ್ಲಿ ವಿವರಣೆ ಬೇರೆ ಬರೆದಿದ್ದ.

ಇದನ್ನು ವಿವರಿಸಲು ನನಗೆ ಸಿಕ್ಕ ದಾರಿ ನಮ್ಮ ಅಂಗಳದ ಚುಕ್ಕಿ ರಂಗೋಲಿ. ಅಮ್ಮ ಮೊದಲು ಚುಕ್ಕಿ ಇಡುತ್ತಾಳೆ, ಆಮೇಲೆ ಗೆರೆ ಕೂಡಿಸುತ್ತಾಳೆ. ಚುಕ್ಕಿ ಮಾತ್ರ ನೋಡಿದವರಿಗೆ ಅದು ಕಮಲವೋ ತೊಟ್ಟಿಲೋ ತಿಳಿಯುವುದಿಲ್ಲ. ಯಾವುದನ್ನು ಯಾವುದಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಅಮ್ಮನ ತಲೆಯಲ್ಲಿರುತ್ತದೆ. ಸೈಲ್ಯಾಬ್, ಆಕ್ಟೇವ್, ಮ್ಯಾಟ್‌ಪ್ಲಾಟ್‌ಲಿಬ್ ಇವು ಚುಕ್ಕಿ ಇಡುತ್ತವೆ, ಆದರೆ ಅವುಗಳ ತಲೆಯಲ್ಲಿ ಕಮಲ ಇಲ್ಲ. ಒಂದರ ಪಕ್ಕದ ಚುಕ್ಕಿಗೆ ನೇರ ಗೆರೆ ಎಳೆಯುವುದಷ್ಟೇ ಗೊತ್ತು. ಸೊನ್ನೆಯಿಂದ 2 ಪೈವರೆಗೆ 100 ಚುಕ್ಕಿ ಇಟ್ಟರೆ, ಪೈ ಬೈ 2ಕ್ಕೆ ಸ್ವಲ್ಪ ಮೊದಲು ಬೀಳುವ ಚುಕ್ಕಿಯ ಎತ್ತರ ಸುಮಾರು 21, ಅದರ ಮುಂದಿನದು ಸುಮಾರು ಮೈನಸ್ 63. ಆ ಎರಡನ್ನು ಸೇರಿಸಿದ ಗೆರೆಯೇ ನಾವು ಕಂಡ ಧುಮುಕುವ ಗೆರೆ.

ನಂತರ ಒಬ್ಬಳು 100ರ ಬದಲು 101 ಚುಕ್ಕಿ ಇಟ್ಟಳು. ಇಡೀ ಟ್ಯಾನ್ ಮಾಯವಾಗಿ ಸೊನ್ನೆಯ ಮೇಲೆ ಮಲಗಿದ ಗೆರೆ, ನಡುವೆ ಮೊಳೆ ಹೊಡೆದಂಥ ಎರಡು ಚೂಪು. ಒಂದೇ ಒಂದು ಚುಕ್ಕಿ ಹೆಚ್ಚಿದ್ದಕ್ಕೆ ಇಷ್ಟು ಬದಲಾವಣೆ! 101 ಚುಕ್ಕಿ ಇಟ್ಟಾಗ 26ನೆಯದು ಪೈ ಬೈ 2ರ ಮೇಲೇ ಬೀಳುತ್ತದೆ. ಆದರೆ ಕಂಪ್ಯೂಟರಿನ ಒಳಗಿನ ಪೈ ನಿಜವಾದ ಪೈಗಿಂತ ಕೂದಲೆಳೆ ಕಡಿಮೆ, ಹಾಗಾಗಿ ಅಲ್ಲಿ ಟ್ಯಾನ್ ಅನಂತವಾಗುವುದಿಲ್ಲ. ಬಹಳ ದೊಡ್ಡದೊಂದು ಸಂಖ್ಯೆಯಾಗುತ್ತದೆ. ಸೈಲ್ಯಾಬಿನಲ್ಲಿ ನೇರವಾಗಿ ಪೈ ಬೈ 2ರ ಟ್ಯಾನ್ ಕೇಳಿದರೆ 1.633 ಗುಣಿಸು 10ರ ಘಾತ 16 ಎಂದು ಬರುತ್ತದೆ, ಅಂದರೆ ಸುಮಾರು 163 ಕೋಟಿ ಕೋಟಿ. ಆ ಎತ್ತರವನ್ನು ಚೌಕಟ್ಟಿನಲ್ಲಿ ಕೂರಿಸಲು ಹೋದಾಗ 21 ಮತ್ತು 63 ಯಾವ ಲೆಕ್ಕ? ಎಲ್ಲವೂ ಸೊನ್ನೆಗೆ ಅಂಟಿಕೊಂಡವು. ಲಂಬ ಅಕ್ಷವನ್ನು ಮೈನಸ್ 10ರಿಂದ 10ಕ್ಕೆ ಕಟ್ಟಿ, ಅದರಾಚೆಯ ಬೆಲೆಗಳ ಜಾಗದಲ್ಲಿ ನಾವೇ ನ್ಯಾನ್ ತುಂಬಿದರೆ ಟ್ಯಾನ್ ತನ್ನ ನಿಜವಾದ ತುಂಡುಗಳಲ್ಲಿ ಬಂದು ನಿಲ್ಲುತ್ತದೆ. ಘನಮೂಲದ ಎಡಭಾಗವನ್ನು ನುಂಗಿದ ಅದೇ ನ್ಯಾನ್ ಇಲ್ಲಿ ನಮ್ಮ ಕೆಲಸಕ್ಕೆ ಬಂತು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ, ನನ್ನ ಇಷ್ಟು ವರ್ಷದ ಲ್ಯಾಬಿನಲ್ಲಿ ಇಡೀ ಬ್ಯಾಚು ಬಸ್ಸು ಮರೆತು ಕೂತದ್ದು ಅದೊಂದೇ ಸಲ. ಸೈನ್ ಎಕ್ಸ್, ಸೈನ್ 10 ಎಕ್ಸ್, ಸೈನ್ 100 ಎಕ್ಸ್ ಮೂರನ್ನೂ ಸೊನ್ನೆಯಿಂದ 2 ಪೈವರೆಗೆ ಬರೆದು ಹೋಲಿಸಿ ಎಂದಿದ್ದೆ. ಒಬ್ಬ ಹುಡುಗ ಎದ್ದು ನಿಂತು, “ಮೇಡಂ, ಮೊದಲನೇದೂ ಮೂರನೇದೂ ಒಂದೇ ಬಂದಾವೆ. 100 ಟೈಪ್ ಮಾಡೋದು ಮರೆತೆ ಅಂತ ಮೂರು ಸಲ ನೋಡ್ದೆ, ಮಾಡೀನಿ” ಅಂದ. ಪಕ್ಕದವನಿಗೂ ಹಾಗೇ ಬಂದಿತ್ತು. 100 ಅಲೆ ಇರಬೇಕಾದ ಕಡೆ ಒಂದೇ ಅಲೆ, ಅದೂ ನುಣ್ಣಗೆ, ಎಲ್ಲಿಯೂ ಸಂಶಯ ಬಾರದ ಹಾಗೆ.

ಸೈಲ್ಯಾಬಿನಲ್ಲೂ ಆಕ್ಟೇವ್‌ನಲ್ಲೂ ಸಮ ಅಂತರದಲ್ಲಿ ಚುಕ್ಕಿ ಇಡುವ ಲಿನ್‌ಸ್ಪೇಸ್ ಎಂಬ ಆದೇಶಕ್ಕೆ ಚುಕ್ಕಿ ಎಷ್ಟು ಬೇಕೆಂದು ಹೇಳದಿದ್ದರೆ ಅದು 100 ಇಡುತ್ತದೆ. ನೂರು ಚುಕ್ಕಿಗಳ ನಡುವೆ ಅಂತರಗಳು 99. ಹಾಗಾಗಿ ಪ್ರತಿ ಹೆಜ್ಜೆ 2 ಪೈಯ 99ನೇ ಒಂದು ಭಾಗ. ಅದನ್ನು 100ರಿಂದ ಗುಣಿಸಿದರೆ ಒಂದು ಪೂರ್ತಿ ಸುತ್ತು, ಮತ್ತು ಉಳಿದದ್ದು ಅದೇ 2 ಪೈಯ 99ನೇ ಒಂದು ಭಾಗ. ಸೈನ್‌ಗೆ ಪೂರ್ತಿ ಸುತ್ತು ಲೆಕ್ಕಕ್ಕಿಲ್ಲ. ಉಳಿಯುವುದು ಸೈನ್ ಎಕ್ಸ್. ಆ ನೂರು ಚುಕ್ಕಿಗಳಲ್ಲಿ ಒಂದೊಂದೂ ಸೈನ್ 100 ಎಕ್ಸ್‌ನ ಮೇಲೆಯೇ ಇದೆ. ಒಂದೊಂದೂ ಸೈನ್ ಎಕ್ಸ್‌ನ ಮೇಲೆಯೂ ಇದೆ.

ಬೋರ್ಡಿನ ಮೇಲೆ ಇಷ್ಟು ಬರೆದಾಗ ಕೆಲವರ ಮುಖ ಅರಳಿತು, ಕೆಲವರದು ಇಲ್ಲ. ಆಗ ದುಗ್ಗಮ್ಮನ ಜಾತ್ರೆ ನೆನಪಿಗೆ ಬಂತು. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೂರದೂರಿನ ನೆಂಟರೊಬ್ಬರು ಸರಿಯಾಗಿ ಎರಡು ವರ್ಷಕ್ಕೊಮ್ಮೆ, ಜಾತ್ರೆಗೇ ಬರುತ್ತಾರೆ ಅಂದುಕೊಳ್ಳಿ. ಅವರು ಬಂದಾಗಲೆಲ್ಲ ದೀಪದ ಸಾಲು, ಬೀದಿ ತುಂಬ ಜನ, ಮನೆ ತುಂಬ ನೆಂಟರು. ಅವರ ಪಾಲಿಗೆ ದಾವಣಗೆರೆಯಲ್ಲಿ ಯಾವಾಗಲೂ ಜಾತ್ರೆ. ಇನ್ನೊಬ್ಬರು ಪ್ರತಿ ಸಲ ಎರಡು ವರ್ಷದ ಮೇಲೆ ಒಂದು ವಾರ ತಡವಾಗಿ ಬರುತ್ತಾರೆ. ಮೊದಲ ಸಲ ಜಾತ್ರೆ, ಎರಡನೇ ಸಲ ಅಂಗಡಿ ಬಿಚ್ಚುತ್ತಿರುತ್ತಾರೆ, ಮೂರನೇ ಸಲ ಬೀದಿ ಖಾಲಿ. ಈ ಊರಿನ ಜಾತ್ರೆ ಮುಗಿಯಲು ನಾಲ್ಕು ವರ್ಷ ಹಿಡಿಯುತ್ತದೆ ಎಂದು ಅವರು ಊರಿಗೆ ಹೋಗಿ ಹೇಳುತ್ತಾರೆ. ಅವರು ಕಂಡದ್ದೆಲ್ಲ ನಿಜ. ನಡುವೆ ಕಾಣದ್ದು ಬಹಳ.

“ಹಂಗಾದ್ರೆ ಸೈನ್ 99 ಎಕ್ಸ್ ಹಾಕಿದ್ರೆ ಯಾವಾಗ್ಲೂ ಜಾತ್ರೇನಾ ಮೇಡಂ?” ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಹಾಕಿ ನೋಡಿ ಅಂದೆ. ಹಾಕಿದರು. ಅಡ್ಡಾದಿಡ್ಡಿ ಗೀಚಿದಂಥ ಚಿತ್ರ ಬಂತು, ನಿರಾಶೆಯಾಯಿತು. ಆದರೆ ಲಂಬ ಅಕ್ಷದ ಅಂಕಿ ಓದಿ ಎಂದಾಗ ಎಲ್ಲರೂ ಪರದೆಗೆ ಮುಖ ಒಡ್ಡಿದರು. ಅಲ್ಲಿದ್ದದ್ದು 10⁻¹³ರ ಆಸುಪಾಸಿನ ಅಂಕಿಗಳು. ಅಂದರೆ ಎಲ್ಲ ಸೊನ್ನೆಯೇ, ಸಂಖ್ಯೆಗಳನ್ನು ದುಂಡಾಗಿಸುವಾಗ ಉಳಿದ ಧೂಳನ್ನು ತಂತ್ರಾಂಶ ಚೌಕಟ್ಟಿನ ತುಂಬ ಹಿಗ್ಗಿಸಿ ತೋರಿಸಿತ್ತು. 98 ಹಾಕಿದರೆ? ಸೈನ್ ಎಕ್ಸ್ ತಲೆಕೆಳಗಾಗಿ ಬಂತು, ಒಂದು ವಾರ ಮೊದಲೇ ಬರುವ ನೆಂಟರ ಹಾಗೆ. ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ, ತಾವೇ 197, 198, 199 ಹಾಕುತ್ತಾ ಹೋದರು. ಆರು ಗಂಟೆಗೆ ಲ್ಯಾಬಿನ ಅಟೆಂಡರ್ ಅಣ್ಣ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಒಂದು ಅಲೆಗೆ ಎರಡಕ್ಕಿಂತ ಹೆಚ್ಚು ಚುಕ್ಕಿ ಬೀಳಲೇಬೇಕು ಎಂಬುದು ಇದರ ನಿಯಮ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಸಂವಹನದ ಲೆಕ್ಕಕ್ಕಾಗಿ ಅಚ್ಚುಕಟ್ಟಾಗಿ ನಿರೂಪಿಸಿದರು, ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ ಹೆಸರೂ ಅದಕ್ಕೆ ಸೇರಿಕೊಂಡಿದೆ. ನಮ್ಮ ಫೋನಿನಲ್ಲಿ ದನಿ ಸರಿಯಾಗಿ ಕೇಳುವುದರ ಹಿಂದೆ ಇರುವುದೂ ಇದೇ. ಗ್ರಾಫ್ ಕಣ್ಣಿಗೆ ನುಣ್ಣಗೆ ಕಾಣಬೇಕಾದರೆ ಎರಡು ಸಾಲದು, ನಾನು ಅಲೆಗೆ ಇಪ್ಪತ್ತು ಲೆಕ್ಕ ಹಿಡಿಯುತ್ತೇನೆ. ಸೈನ್ 100 ಎಕ್ಸ್‌ಗೆ 2000 ಚುಕ್ಕಿ.

ಮ್ಯಾಕ್ಸಿಮಾ ಈ ವಿಷಯದಲ್ಲಿ ಸ್ವಲ್ಪ ಜಾಣ. ಗೆರೆ ಹೆಚ್ಚು ಬಾಗಿದ ಕಡೆ ತಾನಾಗಿ ಚುಕ್ಕಿ ಸೇರಿಸುತ್ತಾ ಹೋಗುತ್ತದೆ. ಆದರೆ ಅದರಲ್ಲಿ ಬೇರೆ ತೊಂದರೆ. ಇ ಎಂದರೆ ನಮಗೆ ಸುಮಾರು 2.718 ಎಂಬ ಸ್ಥಿರ ಸಂಖ್ಯೆ, ಆದರೆ ಇ ಘಾತ ಎಕ್ಸ್ ಎಂದು ಸುಮ್ಮನೆ ಬರೆದರೆ ಅದು ಆ ಇ ಅನ್ನು ಬೆಲೆ ಗೊತ್ತಿಲ್ಲದ ಒಂದು ಅಕ್ಷರ ಎಂದು ತಿಳಿಯುತ್ತದೆ. ಇಡೀ ವ್ಯಾಪ್ತಿಯಲ್ಲಿ ಎಲ್ಲಿಯೂ ಸಂಖ್ಯೆ ಸಿಗುತ್ತಿಲ್ಲ, ಬರೆಯಲು ಏನೂ ಇಲ್ಲ ಎಂದು ಹೇಳಿ ನಿಲ್ಲುತ್ತದೆ. ಇ ಮತ್ತು ಪೈ ಎರಡಕ್ಕೂ ಮೊದಲು ಶೇಕಡಾ ಚಿಹ್ನೆ ಹಾಕಬೇಕು. ಚಿತ್ರವೇ ಬರಲಿಲ್ಲವೆಂದು ಗಾಬರಿಯಾದವರಿಗೆ ನಾನು ಹೇಳುವುದು, ಇದು ಒಳ್ಳೆಯ ತಪ್ಪು, ಬಾಯಿಬಿಟ್ಟು ಹೇಳಿದೆಯಲ್ಲ.

ಬಾಯಿ ಬಿಡದ ತಪ್ಪುಗಳೇ ನನಗೆ ಭಯ. ಆಕ್ಟೇವ್‌ನಲ್ಲಿ 1ರಿಂದ 10ರವರೆಗಿನ ಸಂಖ್ಯೆಗಳನ್ನು ಕಂಬಸಾಲಾಗಿ ಎಕ್ಸ್‌ನಲ್ಲಿ ಇಟ್ಟುಕೊಂಡು ಒನ್ ಬೈ ಎಕ್ಸ್ ಗ್ರಾಫ್ ಬರೆಸಿದ ಹುಡುಗಿಗೆ ಮೇಲಕ್ಕೆ ಹೋಗುವ ನೇರ ಗೆರೆ ಬಂತು. ಇಳಿಯಬೇಕಾದ ಗೆರೆ ಏರುತ್ತಿದೆ! ತಪ್ಪು ಇದ್ದದ್ದು ಒಂದು ಚುಕ್ಕೆಯಲ್ಲಿ. ಭಾಗಾಕಾರದ ಚಿಹ್ನೆಗೆ ಮೊದಲು ಚುಕ್ಕೆ ಇಟ್ಟರೆ ಒಂದೊಂದು ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಭಾಗಿಸುತ್ತದೆ, ಇಡದಿದ್ದರೆ ಅದನ್ನು ಮ್ಯಾಟ್ರಿಕ್ಸ್ ಭಾಗಾಕಾರವೆಂದು ತಿಳಿದು, ಈ ಸಾಲಿನ ಜೊತೆ ಗುಣಿಸಿದರೆ 1 ಬರುವ, ಎಲ್ಲಕ್ಕಿಂತ ಚಿಕ್ಕ ಅಡ್ಡಸಾಲನ್ನು ಹುಡುಕಿ ಕೊಡುತ್ತದೆ. ಆ ಅಡ್ಡಸಾಲು ಎಂದರೆ ಎಕ್ಸ್ ಅನ್ನು ವರ್ಗಗಳ ಮೊತ್ತ 385ರಿಂದ ಭಾಗಿಸಿದ್ದು: 0.0026ರಿಂದ ಶುರುವಾಗಿ 0.026ರವರೆಗೆ. ಎಚ್ಚರಿಕೆ ಇಲ್ಲ, ಕೆಂಪು ಅಕ್ಷರ ಇಲ್ಲ. ಅದೇ ಸಂಖ್ಯೆಗಳನ್ನು ಅಡ್ಡಸಾಲಿನಲ್ಲಿ ಇಟ್ಟಿದ್ದರೆ ಅಳತೆ ಹೊಂದುತ್ತಿಲ್ಲ ಎಂದಾದರೂ ಕೂಗುತ್ತಿತ್ತು. ಎಕ್ಸ್ 1 ಇದ್ದಾಗ ಒನ್ ಬೈ ಎಕ್ಸ್ ಎಷ್ಟು ಎಂದು ಬಾಯಲ್ಲಿ ಕೇಳಿದ್ದರೆ ಸಾಕಿತ್ತು, ಅವಳೇ ಹಿಡಿಯುತ್ತಿದ್ದಳು.

ಎಕ್ಸೆಲ್‌ನದೂ ಒಂದಿದೆ. ಕಾಮರ್ಸ್ ವಿಭಾಗದ ಸರ್ ಒಬ್ಬರು ಸಂಖ್ಯಾಶಾಸ್ತ್ರದ ಗಂಟೆಯಾಕಾರದ ವಕ್ರರೇಖೆ ತೋರಿಸಲು ಇ ಘಾತ ಮೈನಸ್ ಎಕ್ಸ್ ವರ್ಗ ಬರೆಸುತ್ತಿದ್ದರು. ಲ್ಯಾಬಿಗೆ ಬಂದು, “ಮೇಡಂ, ಗಂಟೆ ಬರಬೇಕಿತ್ತು, ಬಾವಿ ಬಂದಿದೆ ನೋಡಿ” ಅಂದರು. ಎಕ್ಸ್ 3 ಇರುವ ಕಡೆ 0.0001ರ ಹತ್ತಿರ ಇರಬೇಕಾದ ಬೆಲೆ 8103 ಆಗಿತ್ತು. ಎಕ್ಸೆಲ್ ಮೊದಲು ಮೈನಸ್ ಚಿಹ್ನೆಯನ್ನು ಸಂಖ್ಯೆಗೆ ಅಂಟಿಸಿ ಆಮೇಲೆ ವರ್ಗ ಮಾಡುತ್ತದೆ. ಮೈನಸ್ 3ರ ವರ್ಗ 9. ನಾವು ಬೋರ್ಡಿನ ಮೇಲೆ ಬರೆಯುವಾಗ, ಪೈಥಾನಿನಲ್ಲಿ, ಆಕ್ಟೇವ್‌ನಲ್ಲಿ ಎಲ್ಲ ಮೊದಲು ವರ್ಗ, ಆಮೇಲೆ ಮೈನಸ್. ಲಿಬ್ರೆ ಆಫೀಸಿನ ಕ್ಯಾಲ್ಕ್ ಕೂಡ ಎಕ್ಸೆಲ್ ದಾರಿಯನ್ನೇ ಹಿಡಿದಿದೆ. ವರ್ಗಕ್ಕೆ ಆವರಣ ಹಾಕಿ ಹೊರಗೆ ಮೈನಸ್ ಇಟ್ಟ ಕೂಡಲೇ ಬಾವಿ ಹೋಗಿ ಗಂಟೆ ಬಂತು. ಆ ಸರ್ ಈಗ ಎಲ್ಲೆಡೆ ಆವರಣ ಹಾಕುತ್ತಾರೆ, ಬೇಡದ ಕಡೆಯೂ. ನನಗೆ ಅದು ಸರಿಯೆನಿಸುತ್ತದೆ.

ವೃತ್ತ ಮೊಟ್ಟೆಯಾಗಿ ಬರುವುದು, ಡಿಗ್ರಿಯಲ್ಲಿ 360ರವರೆಗೆ ಹಾಕಿ ಸೈನ್ ಮುಳ್ಳುಬೇಲಿಯಾಗುವುದು, ಲಾಗ್ ಎಂದರೆ 10ರ ಆಧಾರ ಎಂದುಕೊಂಡು ಇ ಆಧಾರದ ಗ್ರಾಫ್ ಪಡೆಯುವುದು, ಇವು ಮೊದಲ ತಿಂಗಳಲ್ಲೇ ಎಲ್ಲರಿಗೂ ಆಗಿ ಮುಗಿಯುತ್ತವೆ. ಅವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆದರೆ ಒಂದು ಮೈನಸ್ ಕಾಸ್ ಎಕ್ಸ್, ಅದನ್ನು ಎಕ್ಸ್ ವರ್ಗದಿಂದ ಭಾಗಿಸಿದ್ದು, ಇದನ್ನು ಬಿಡಲಾರೆ. ಎಕ್ಸ್ ಸೊನ್ನೆಯತ್ತ ಹೋದಾಗ ಇದರ ಮಿತಿ ಅರ್ಧ. ಪ್ರತಿ ವರ್ಷ ಬೋರ್ಡಿನ ಮೇಲೆ ಸಾಧಿಸಿ ತೋರಿಸುತ್ತೇನೆ. ಮೈನಸ್ 1ರಿಂದ 1ರವರೆಗಿನ ಗ್ರಾಫ್ ನೋಡಿದರೆ ಸೊನ್ನೆಯ ಹತ್ತಿರ ಚೆನ್ನಾಗಿ 0.5ಕ್ಕೆ ಬಂದು ಸೇರುತ್ತದೆ. ಒಬ್ಬ ಹುಡುಗನಿಗೆ ಇನ್ನೂ ಹತ್ತಿರದಿಂದ ನೋಡುವ ಆಸೆಯಾಯಿತು. ಸೊನ್ನೆಯಿಂದ 5 ಗುಣಿಸು 10⁻⁸ರವರೆಗೆ ಹಿಗ್ಗಿಸಿದ. ಗೆರೆ ಗರಗಸದ ಹಲ್ಲಾಗಿತ್ತು. ಎಕ್ಸ್ ಸುಮಾರು 1.05 ಗುಣಿಸು 10⁻⁸ ಆಗುವವರೆಗೆ ಬೆಲೆ ಸೊನ್ನೆ. ಅಲ್ಲಿಂದ ಒಮ್ಮೆಗೇ 1ರ ಹತ್ತಿರಕ್ಕೆ ಜಿಗಿದು, ಇಳಿಯುತ್ತಾ ಬಂದು 0.33 ಮುಟ್ಟಿ, ಮತ್ತೆ 0.67ಕ್ಕೆ ಹಾರಿ, ಮತ್ತೆ ಇಳಿದು, ಹೀಗೆ ಹಲ್ಲುಗಳು ಸಣ್ಣದಾಗುತ್ತಾ ಹೋಗುತ್ತವೆ. ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಮೇಡಂ, ಲಿಮಿಟ್ ಸೊನ್ನೆ ಬರ್ತದೆ” ಅಂದ.

ಕಂಪ್ಯೂಟರ್ ಒಂದು ಸಂಖ್ಯೆಯನ್ನು ಹದಿನೈದು ಹದಿನಾರು ಅಂಕಿಗಳಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. 1ಕ್ಕೆ ಸ್ವಲ್ಪ ಕೆಳಗೆ ಅದಕ್ಕೆ ಗೊತ್ತಿರುವ ಮುಂದಿನ ಸಂಖ್ಯೆ 1.11 ಗುಣಿಸು 10⁻¹⁶ರಷ್ಟು ದೂರದಲ್ಲಿದೆ, ನಡುವೆ ಮೆಟ್ಟಿಲಿಲ್ಲ. ಎಕ್ಸ್ ಅಷ್ಟು ಚಿಕ್ಕದಾದಾಗ ಕಾಸ್ ಎಕ್ಸ್ ಒಂದೋ ಸರಿಯಾಗಿ 1, ಇಲ್ಲವೇ ಒಂದು ಮೆಟ್ಟಿಲು ಕೆಳಗೆ, ಇಲ್ಲವೇ ಎರಡು, ಹೀಗೆ ಕೆಲವೇ ಮೆಟ್ಟಿಲು. 1ರಿಂದ ಅದನ್ನು ಕಳೆದಾಗ ಬೆಲೆಯುಳ್ಳ ಅಂಕಿಗಳೆಲ್ಲ ಹೊಡೆದುಹೋಗಿ ಆ ಮೆಟ್ಟಿಲುಗಳು ಮಾತ್ರ ಕೈಯಲ್ಲಿ ಉಳಿಯುತ್ತವೆ. ನಂತರ ಎಕ್ಸ್ ವರ್ಗ ಎಂಬ ಅತಿ ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಅವೇ ಗರಗಸವಾಗಿ ಕಾಣುತ್ತವೆ. ಇದಕ್ಕೆ ಮದ್ದು ಪಿಯುಸಿಯ ತ್ರಿಕೋನಮಿತಿಯಲ್ಲೇ ಇದೆ: ಒಂದು ಮೈನಸ್ ಕಾಸ್ ಎಕ್ಸ್ ಎಂದರೆ ಎರಡು ಸೈನ್ ವರ್ಗ ಎಕ್ಸ್ ಬೈ 2. ಹಾಗೆ ಬದಲಿಸಿ ಬರೆದರೆ ಕಳೆಯುವ ಕೆಲಸವೇ ಇಲ್ಲ, ಗೆರೆ 0.5ರ ಮೇಲೆ ನೆಟ್ಟಗೆ ನಿಲ್ಲುತ್ತದೆ. ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿ ಮರೆತಿದ್ದ ಸೂತ್ರವೊಂದು ಹೀಗೆ ಕೆಲಸ ಮಾಡುವುದನ್ನು ಕಂಡಾಗ ಆ ಹುಡುಗನ ಮುಖ ನೋಡಬೇಕಿತ್ತು. ನನಗೂ ಅಷ್ಟೇ ಸಂತೋಷವಾಯಿತು.

ಈಗ ನನ್ನ ಲ್ಯಾಬಿನಲ್ಲಿ ಚಿತ್ರ ವಿಚಿತ್ರ ಬಂದಾಗ ಮಕ್ಕಳು ಮೊದಲು ಗೆರೆ ತೆಗೆದು ಬರೀ ಚುಕ್ಕಿ ಹಾಕಿ ನೋಡುತ್ತಾರೆ. ಆಮೇಲೆ ಎಕ್ಸ್‌ಗೆ ಎರಡು ಮೂರು ಸುಲಭದ ಬೆಲೆ ಕೊಟ್ಟು, ಕೈಯಲ್ಲಿ ಬಂದದ್ದನ್ನೂ ಕಂಪ್ಯೂಟರ್ ಕೊಟ್ಟದ್ದನ್ನೂ ಪಕ್ಕಪಕ್ಕ ಬರೆಯುತ್ತಾರೆ. ಚುಕ್ಕಿಯ ಸಂಖ್ಯೆಯನ್ನು 100ರಿಂದ 137ಕ್ಕೋ 1000ಕ್ಕೋ ಬದಲಿಸಿದಾಗ ಚಿತ್ರದ ಸ್ವಭಾವವೇ ಬದಲಾದರೆ ಎರಡನ್ನೂ ನಂಬುವುದಿಲ್ಲ. ಅಕ್ಷದ ಮೂಲೆಯಲ್ಲಿ 10ರ ಯಾವ ಘಾತ ಕೂತಿದೆ ಎಂದು ಓದುತ್ತಾರೆ. ಇಷ್ಟಾದರೂ ಎಡಪುಟ ಮೊದಲು, ಬಲಪುಟ ಆಮೇಲೆ. ಎಡಪುಟದಲ್ಲಿ ರಬ್ಬರ್ ಬಳಸಬಾರದು ಎಂದು ನಿಯಮ ಮಾಡಿದ್ದೇನೆ. ತಪ್ಪಾದರೆ ಪಕ್ಕದಲ್ಲಿ ಮತ್ತೆ ಬರೆಯಿರಿ, ಮೊದಲಿನದು ಇರಲಿ.

ಜಗಳೂರಿನ ಆ ಹುಡುಗಿ ಕೊನೆಯ ವರ್ಷಕ್ಕೆ ಬಂದಾಗ ಸೈನ್ ಒನ್ ಬೈ ಎಕ್ಸ್ ಅಭ್ಯಾಸಕ್ಕಿತ್ತು. ಸೊನ್ನೆಯ ಹತ್ತಿರ ಹೋದಷ್ಟೂ ಅಲೆಗಳು ಒತ್ತೊತ್ತಾಗುತ್ತವೆ. 0.01ರಿಂದ 0.02ರೊಳಗೆ ಎಂಟು ಅಲೆ, 0.001ರಿಂದ 0.002ರೊಳಗೆ ಎಂಬತ್ತು, ಹೀಗೆ ಮುಗಿಯುವುದೇ ಇಲ್ಲ. ಅವಳು 100 ಚುಕ್ಕಿ ಹಾಕಿದಳು, 1000 ಹಾಕಿದಳು, ಲಕ್ಷ ಹಾಕಿದಳು. ಪ್ರತಿ ಸಲ ಸೊನ್ನೆಯ ಪಕ್ಕದ ಚಿತ್ರ ಬೇರೆ ಬಂತು. “ಎಷ್ಟು ಚುಕ್ಕಿ ಹಾಕಿದ್ರೆ ಸರಿ ಬರ್ತದೆ ಮೇಡಂ?” ಎಂದು ಕೇಳಿದಳು. ಎಷ್ಟು ಹಾಕಿದರೂ ಇಲ್ಲ ಅಂದೆ. ಅವಳು ಬೇಸರಪಡಲಿಲ್ಲ, ಪುಸ್ತಕ ತೆಗೆದುಕೊಂಡು ಹೋಗಿ ಕೂತಳು.

ಬಸ್ಸಿನ ಹೊತ್ತಿಗೆ ರೆಕಾರ್ಡ್ ನನ್ನ ಮೇಜಿಗೆ ಬಂತು. ಎಡಪುಟದಲ್ಲಿ ಕೈಯಲ್ಲಿ ಬರೆದ ಗ್ರಾಫ್, ಬಲದಿಂದ ಶುರುವಾಗಿ 0.05ರವರೆಗೆ ಒಂದೊಂದು ಅಲೆಯೂ ಜೋಪಾನವಾಗಿ. ಅಲ್ಲಿಂದ ಸೊನ್ನೆಯವರೆಗಿನ ಪಟ್ಟಿಯನ್ನು ಪೆನ್ಸಿಲನ್ನು ಅಡ್ಡ ಹಿಡಿದು ತೆಳುವಾಗಿ ತುಂಬಿದ್ದಳು. ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು: ‘ಇಲ್ಲಿಂದ ಒಳಗೆ ಪೆನ್ಸಿಲ್ ಹೋಗುವುದಿಲ್ಲ, ಕಂಪ್ಯೂಟರೂ ಹೋಗುವುದಿಲ್ಲ.’ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಎಲ್ಲಿಯೂ ಏನನ್ನೂ ಅಳಿಸಿರಲಿಲ್ಲ. ಸಹಿ ಹಾಕಿದೆ.